ಗ್ಯಾರೇಜಿನಲ್ಲಿ ನನ್ನ ಪಕ್ಕದಲ್ಲಿ ನಿಂತವರು

ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಯಾರಾದರೂ ದೆವ್ವದ ಮಾತು ತೆಗೆದರೆ ನಾನು ಡಬ್ಬಿ ಮುಚ್ಚಿಕೊಂಡು ಬೇರೆ ಮೇಜಿಗೆ ಹೋಗಿಬಿಡುತ್ತಿದ್ದೆ. ಅಂಥ ಕಥೆ ಹೇಳುವವರು ತಾವೇ ಕಂಡವರಾಗಿರುತ್ತಿರಲಿಲ್ಲ. ಕಂಡವರು ಅವರ ಸೋದರಮಾವನೋ, ಸೋದರಮಾವನ ಸ್ನೇಹಿತನೋ ಆಗಿರುತ್ತಿದ್ದರು. ಈಗ ನಾನೇ ಹೇಳಲು ಕೂತಿದ್ದೇನೆ. ಒಂದು ವಿಚಾರ ಮೊದಲೇ ಹೇಳಿಬಿಡಬೇಕು: ನಾನೂ ಏನನ್ನೂ ಕಾಣಲಿಲ್ಲ. ಕಂಡವರು ಬೇರೆಯವರು. ಆದರೂ ಆದದ್ದು ನನಗೇ. ಓದುವವರು ನಂಬಲೇಬೇಕೆಂಬ ಹಟ ನನಗಿಲ್ಲ.

ಇದು ಐವತ್ತರ ದಶಕದ ಕೊನೆಯ ಮಾತು. ವಿದ್ಯಾರಣ್ಯಪುರಂನಲ್ಲಿ ನನ್ನ ಮನೆ. ಮನೆ ಕಟ್ಟಿಸಿದ ಪುಣ್ಯಾತ್ಮ ಪಕ್ಕದಲ್ಲೊಂದು ಗ್ಯಾರೇಜನ್ನೂ ಕಟ್ಟಿಸಿದ್ದ. ಅದು ಖಾಲಿ ಇದೆಯಲ್ಲ ಎಂಬ ಒಂದೇ ಕಾರಣಕ್ಕೆ ನಾನೂ ನನ್ನ ಹೆಂಡತಿ ಶಾರದೆಯೂ ಯಾರೋ ಓಡಿಸಿ ಬಿಟ್ಟಿದ್ದ ಒಂದು ಪುಟ್ಟ ಕಾರನ್ನು ಕೊಂಡೆವು. ಭಾನುವಾರ ಬಂತೆಂದರೆ ನಂಜನಗೂಡಿನ ರಸ್ತೆ. ಮರದ ನೆರಳಲ್ಲಿ ನಿಲ್ಲಿಸಿ ಅವಳು ತಂದ ಚಿತ್ರಾನ್ನ ತಿಂದು ವಾಪಸು. ಅಷ್ಟೇ ನಮ್ಮ ಪ್ರವಾಸ. ಮಕ್ಕಳಿರಲಿಲ್ಲ. ಶಾರದೆ ಕಾಯಿಲೆ ಬಿದ್ದ ಮೇಲೆ ಕಾರನ್ನು ಯಾರೂ ಹೊರಗೆ ತೆಗೆಯಲಿಲ್ಲ. ಅವಳು ಹೋದ ಮೇಲಂತೂ ನಾನು ಗ್ಯಾರೇಜಿನ ಬಾಗಿಲನ್ನೇ ತೆರೆಯಲಿಲ್ಲ.

ಒಂಟಿ ಮನುಷ್ಯನಿಗೆ ಕಚೇರಿಯ ಹೊತ್ತು ಹೇಗೋ ಕಳೆಯುತ್ತದೆ. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟಾಗ ಮನೆ ತನ್ನ ಪಾಡಿಗೆ ತಾನು ಬಿದ್ದಿರುವುದು ಕಾಣುತ್ತದಲ್ಲ, ಅದನ್ನು ತಡೆಯುವುದು ಕಷ್ಟ. ಬೆಳಗ್ಗೆ ಕುರ್ಚಿಯ ಮೇಲೆ ಎಸೆದುಹೋದ ಟವಲು ಅದೇ ಮಡಿಕೆಯಲ್ಲಿ ಇರುತ್ತಿತ್ತು. ನಾನು ಮಾತಾಡಿ ಎಷ್ಟು ಹೊತ್ತಾಯಿತು ಎಂದು ಯೋಚಿಸುತ್ತಿದ್ದೆ. ಕಚೇರಿಯ ಗೆಳೆಯ ಗೋಪಾಲನೇ ಒಂದು ದಿನ ಗದರಿದ. "ಹಿಂಗೇ ಗೋಡೆ ನೋಡ್ಕೊಂಡು ಕೂತ್ರೆ ತಲೆ ಕೆಟ್ಟೋಗತ್ತೆ ಕಣೋ. ಕೈಗೆ ಏನಾದ್ರೂ ಕೆಲಸ ಹಚ್ಕೋ. ಆ ಕಾರು ಯಾಕೆ ಕೊಳೀತಾ ಬಿದ್ದಿದೆ?"

ಮೆಕ್ಯಾನಿಕ್ಕನ್ನು ಕರೆಸಿದರೆ ಕಾರು ಸರಿಹೋಗುತ್ತಿತ್ತು, ನನ್ನ ಸಂಜೆಗಳು ಸರಿಹೋಗುತ್ತಿರಲಿಲ್ಲ. ನಾನೇ ಮಾಡುತ್ತೇನೆಂದು ನಿರ್ಧರಿಸಿದೆ. ಹಳೆ ಪುಸ್ತಕದಂಗಡಿಯಲ್ಲಿ ಕಾರು ರಿಪೇರಿಯ ಪುಸ್ತಕವೊಂದು ಸಿಕ್ಕಿತು. ಆಮೇಲೆ ಹತ್ಯಾರಿನ ಬೇಟೆ ಶುರುವಾಯಿತು. ಹೊಸ ಸುತ್ತಿಗೆ, ಇಕ್ಕಳ, ಎರಡು ಸ್ಕ್ರೂಡ್ರೈವರನ್ನು ಅಶೋಕ ರಸ್ತೆಯ ಅಂಗಡಿಯಲ್ಲಿ ಕೊಂಡೆ. ಎಣ್ಣೆಕಾಗದ ಸುತ್ತಿದ್ದ ಹೊಸ ಕಬ್ಬಿಣ. ಕೈಯಲ್ಲಿ ಹಿಡಿದರೆ ಪರಕೀಯ ಎನ್ನಿಸುತ್ತಿತ್ತು. ಸ್ಪ್ಯಾನರಿನ ಪೂರ್ತಿ ಸೆಟ್ಟು ಮಾತ್ರ ಹೊಸದು ಕೊಳ್ಳುವ ಯೋಗ್ಯತೆ ನನ್ನ ಸಂಬಳಕ್ಕಿರಲಿಲ್ಲ. ಮಂಡಿ ಮೊಹಲ್ಲಾದ ಗುಜರಿ ಅಂಗಡಿಗಳಿಗೆ ಹೋದೆ.

ಅಲ್ಲಿ ಬೋಗಾದಿ ಕಡೆಯ ನಿಂಗೇಗೌಡನೆಂಬಾತ ಗೋಣಿತಾಟಿನ ಮೇಲೆ ಹಳೇ ಕಬ್ಬಿಣ ಹರಡಿಕೊಂಡು ಕೂತಿದ್ದ. ಬೆಂಡಾದ ಸೈಕಲ್ ಪೆಡಲು, ನಲ್ಲಿ, ಬೀಗವಿಲ್ಲದ ಕೀಲಿಕೈಗಳ ನಡುವೆ ಒಂದು ತಗಡಿನ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಒಳಗೆ ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಮಲಗಿದ್ದವು. ಬಳಸಿ ಬಳಸಿ ಅಂಚೆಲ್ಲ ನುಣುಪಾಗಿತ್ತು. ಒಂದನ್ನು ಎತ್ತಿದೆ, ನನ್ನದೇ ಎನ್ನುವಷ್ಟು ಸಲೀಸಾಗಿ ಕೈಯಲ್ಲಿ ಕೂತಿತು.

"ಬಿಡಿಬಿಡಿಯಾಗಿ ಕೊಡಾಕಿಲ್ಲ ಬುದ್ಧಿ," ಎಂದ ನಿಂಗೇಗೌಡ. "ಪೆಟ್ಟಿಗೆ ಸಮೇತ ತಕಂಡೋಗಿ. ಕೊಟ್ಟೋರು ಅಂಗೇ ಯೋಳವ್ರೆ."

ಒಂಟಿಯಾಗಿ ಬಂದದ್ದಕ್ಕೆ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಲು ಅವನೇ ಕೈ ಕೊಟ್ಟ.

ಅಂದಿನಿಂದ ಸಂಜೆಗಳಿಗೆ ಒಂದು ಗುರಿ ಬಂತು. ಕಚೇರಿಯಿಂದ ಬಂದು, ಬೆಳಕಿರುವಷ್ಟು ಹೊತ್ತು ಗ್ಯಾರೇಜಿನಲ್ಲಿ. ಭಾನುವಾರ ಇಡೀ ದಿನ. ಪುಸ್ತಕ ತೆರೆದಿಟ್ಟುಕೊಂಡು ಒಂದೊಂದೇ ಬೋಲ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪತ್ರಿಕೆಯ ಹಾಳೆಯ ಮೇಲೆ ಜೋಡಿಸುತ್ತಿದ್ದೆ. ಇಲಿಗಳು ಸೀಟಿನೊಳಗೆ ಸಂಸಾರ ಹೂಡಿದ್ದವು. ಅವನ್ನು ಓಡಿಸುವುದಕ್ಕೇ ಬೇಕಾದಷ್ಟು ಸಮಯ ಹಿಡಿಯಿತು.

ಪಕ್ಕದ ಮನೆಯ ನಾಗಮ್ಮನವರ ಅಡುಗೆಮನೆಯ ಕಿಟಕಿ ನನ್ನ ಗ್ಯಾರೇಜಿನ ಬಾಗಿಲಿಗೆ ನೇರವಾಗಿತ್ತು. ಆಕೆಯ ಯಜಮಾನರು ಅರಮನೆಯ ಕಚೇರಿಯಲ್ಲಿದ್ದು ತೀರಿಕೊಂಡವರು. ಆಕೆ ಮಗ ಸೊಸೆಯ ಜೊತೆ ಇದ್ದರು. ಒಂದು ಭಾನುವಾರ ಕಾಂಪೌಂಡಿನ ಗೋಡೆಯ ಮೇಲೆ ಕಾಫಿ ತಂದಿಟ್ಟು ಕೂಗಿದರು. ಹೋಗಿ ನೋಡಿದರೆ ಎರಡು ಲೋಟ. ನನ್ನ ಸೊರಗಿದ ಮುಖ ನೋಡಿ ಹೆಚ್ಚಾಗಿ ಕೊಟ್ಟಿದ್ದಾರೆಂದುಕೊಂಡು ಎರಡನ್ನೂ ಕುಡಿದೆ. ಮುಂದಿನ ವಾರವೂ ಎರಡು ಲೋಟ ಬಂದಾಗ, ಸಂಕೋಚದಿಂದ, "ಒಂದೇ ಸಾಕಲ್ಲಮ್ಮ, ಯಾಕೆ ತೊಂದರೆ" ಎಂದೆ.

"ಚೆನ್ನಾಗಿದೆ ಕಣ್ರೀ! ನಿಮಗೊಬ್ಬರಿಗೆ ಕೊಟ್ಟು, ಅವರನ್ನ ನೋಡ್ಕೊಂಡು ನಿಂತಿರಿ ಅನ್ನೋಕಾಗತ್ತಾ?"

"ಯಾರನ್ನ?"

"ಅದೇ, ನಿಮ್ಮ ಜೊತೆ ಇರ್ತಾರಲ್ಲ, ಖಾಕಿ ಅಂಗಿಯವರು. ಎತ್ತರವಾಗಿದ್ದಾರೆ, ಬೆನ್ನು ಸ್ವಲ್ಪ ಬಗ್ಗಿದೆ. ಪಾಪ, ಮಾತೇ ಆಡಲ್ಲ. ನೀವು ಕೆಲಸ ಮಾಡೋದನ್ನೇ ನೋಡ್ತಾ ನಿಂತಿರ್ತಾರೆ."

ನಾನು ತಿರುಗಿ ಗ್ಯಾರೇಜಿನ ಕಡೆ ನೋಡಿದೆ. ಕಾರಿನ ಬಾನೆಟ್ಟು ತೆರೆದಿತ್ತು. ಯಾರೂ ಇರಲಿಲ್ಲ. ವಯಸ್ಸಾದವರು, ಕಣ್ಣು ಮಂಜು. ಬಾಗಿಲಿಗೆ ನೇತುಹಾಕಿದ್ದ ನನ್ನ ಹಳೇ ಕೋಟನ್ನೇ ನೋಡಿರಬೇಕೆಂದು ಸಮಾಧಾನ ಮಾಡಿಕೊಂಡೆ. ಕೋಟನ್ನು ತೆಗೆದು ಮನೆಯೊಳಗಿಟ್ಟೆ. ಕಾಫಿ ಮಾತ್ರ ಎರಡು ಲೋಟ ಬರುತ್ತಲೇ ಇತ್ತು.

ಇದಾಗಿ ಕೆಲವು ವಾರಕ್ಕೆ, ಒಂದು ಸೋಮವಾರ, ಗೋಪಾಲ ಕಚೇರಿಯಲ್ಲಿ ಸಿಡುಕಿದ. "ನಿನ್ನೆ ನಿಮ್ಮನೆಗೆ ಬಂದಿದ್ದೆ. ಸಹಾಯಕ್ಕೆ ಆಳು ಇಟ್ಕೊಂಡಿದೀಯ, ನನಗೊಂದು ಮಾತು ಹೇಳಲಿಲ್ಲ."

ಹಿಂದಿನ ದಿನ ಒಂದು ವಾಷರು ಹುಡುಕಿಕೊಂಡು ನಾನು ಗುಜರಿ ಅಂಗಡಿಗೆ ಹೋಗಿದ್ದೆ. ಗ್ಯಾರೇಜಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಅದನ್ನು ಹೇಳಿದೆ.

"ಬೀಗ ಎಲ್ಲಿತ್ತು? ಬಾಗಿಲು ಅರ್ಧ ತೆಗೆದಿತ್ತು. ಒಳಗೆ ಎತ್ತರದ ಮನುಷ್ಯ ಒಬ್ಬರು ನಿಂತಿದ್ರು, ಖಾಕಿ ಶರ್ಟು. 'ಇದಾರಾ?' ಅಂದೆ. ಮಂಡಿ ಮೊಹಲ್ಲಾದ ಕಡೆ ಕೈ ತೋರಿಸಿ, ಬರ್ತಾರೆ ಅನ್ನೋ ಹಾಗೆ ತಲೆ ಆಡಿಸಿದ್ರು. ಮೂಗರೇನೋ ಅಂದ್ಕೊಂಡೆ."

ಗೋಪಾಲನಿಗೂ ನಾಗಮ್ಮನವರಿಗೂ ಪರಿಚಯವಿರಲಿಲ್ಲ. ಆ ಸಂಜೆ ಗ್ಯಾರೇಜಿಗೆ ಹೋಗಲಿಲ್ಲ. ರಸ್ತೆ ದೀಪ ಹತ್ತುವವರೆಗೂ ಮನೆಯ ಮೆಟ್ಟಿಲ ಮೇಲೆ ಕೂತು ಆ ಬಾಗಿಲನ್ನೇ ನೋಡುತ್ತಿದ್ದೆ. ಬೀಗ ಹಾಕಿದಂತೆಯೇ ಇತ್ತು.

ಬೇರೆಯವರ ಕೈ ದಾಟಿ ಬಂದ ಹತ್ಯಾರೆಂದರೆ ಆ ಪೆಟ್ಟಿಗೆಯದೊಂದೇ. ಮರುದಿನ ನಿಂಗೇಗೌಡನ ಬಳಿ ಓಡಿದೆ. ಪೆಟ್ಟಿಗೆಯ ಯಜಮಾನ ಖಾಕಿ ತೊಡುತ್ತಿದ್ದ ಎತ್ತರದ ಮನುಷ್ಯ, ಈಗ ಸತ್ತಿದ್ದಾನೆ ಎಂಬ ಉತ್ತರಕ್ಕೆ ನನ್ನನ್ನು ನಾನೇ ತಯಾರು ಮಾಡಿಕೊಂಡಿದ್ದೆ. ಅವನು ನಕ್ಕುಬಿಟ್ಟ. "ಸತ್ತೋರೆಲ್ಲಿ ಬುದ್ಧಿ? ಮರಿಯಪ್ಪ ಗಟ್ಟಿಯಾಗವ್ರೆ. ಮಂಡಕಳ್ಳೀಲಿ ಕೇಳಿ, ಯಾರಾದ್ರೂ ತೋರಿಸ್ತಾರೆ."

ಸೈಕಲ್ಲು ತುಳಿದುಕೊಂಡು ಮಂಡಕಳ್ಳಿಗೆ ಹೋದೆ. ಮರಿಯಪ್ಪ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ. ಕುಳ್ಳು, ದಪ್ಪ, ಬೋಳುತಲೆ. ಲಾರಿ ರಿಪೇರಿಯ ಕೆಲಸದಲ್ಲಿದ್ದು ಬಿಟ್ಟವನು. ಆ ಪೆಟ್ಟಿಗೆಯನ್ನು ಅವನೂ ಯಾರಿಂದಲೋ ಹಳೆಯದಾಗಿಯೇ ಕೊಂಡಿದ್ದನಂತೆ, ಯಾರೆಂದು ನೆನಪಿಲ್ಲ. ಹೇಗೆ ಕೇಳುವುದೆಂದು ತಿಳಿಯದೆ ತಡವರಿಸಿ, ಕೊನೆಗೆ ಕೇಳಿಬಿಟ್ಟೆ: "ನೀವು ಕೆಲಸ ಮಾಡುವಾಗ ಜೊತೆಗೆ ಯಾರಾದರೂ ಇರುತ್ತಿದ್ದರೇ?"

ಅವನ ಕೈ ನಿಂತಿತು.

"ನಾನು ಯಾರ್‍ನೂ ಕಾಣ್ನಿಲ್ಲ ಸ್ವಾಮಿ," ಎಂದ. "ನನ್ ಎಂಡ್ರು ಕೇಳೋಳು, ಯಾರದು ನಿಮ್ ಪಕ್ದಲ್ಲಿ ನಿಂತಿರೋರು ಅಂತ. ಮೊದಮೊದಲು ಎದರ್ಕೊಂಡೆ. ಆಮೇಲೆ ಒಗ್ಗೋಯ್ತು. ಎಂಗವ್ರೆ, ಏನ್ ಮಾಡ್ತಾವ್ರೆ ಅಂತ ಅವಳ್ನೇ ಕೇಳ್ತಿದ್ದೆ. ಯೋಳೋಳು."

"ಹೆದರಿಕೆಗೇ ಮಾರಿದಿರಾ?"

"ಅಯ್ಯೋ, ಅದಕ್ಕಲ್ಲ. ಅವಳು ತೀರ್ಕೊಂಡ್ಮೇಲೆ, ಯಾರದು ಅಂತ ಕೇಳೋರೇ ಇಲ್ದಂಗಾಯ್ತು. ಪಕ್ದಲ್ಲಿ ಅವ್ರೋ ಇಲ್ವೋ, ನಂಗೆಂಗೆ ಗೊತ್ತಾಗಬೇಕು? ಅದೊಂದು ತಡಕೊಳಾಕಾಗ್ನಿಲ್ಲ. ಕೊಟ್ಬುಟ್ಟೆ."

ಅವನು ಮತ್ತೆ ಕಾಯಿ ಸುಲಿಯತೊಡಗಿದ. ಎದ್ದು ಬರುವಾಗ, "ಪೆಟ್ಟಿಗೆ ವಾಪಸು ಬೇಕೇ?" ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದ.

ಪೆಟ್ಟಿಗೆಯನ್ನು ಎಸೆದುಬಿಡಬಹುದಿತ್ತು. ಹಾಗೆ ಅನ್ನಿಸಲೇ ಇಲ್ಲ. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿದ್ದದ್ದು ಭಯಕ್ಕಿಂತ ಬೇರೇನೋ. ನಾಗಮ್ಮನವರಿಗೆ ಕಾಣುತ್ತದೆ, ಗೋಪಾಲನಿಗೆ ಕಾಣುತ್ತದೆ, ನನ್ನ ಪಕ್ಕದಲ್ಲೇ ನಿಂತಿರುವುದು ನನಗೆ ಮಾತ್ರ ಯಾಕೆ ಕಾಣಬಾರದು? ಒಂದು ರೀತಿಯ ಹೊಟ್ಟೆಕಿಚ್ಚು ಎಂದರೆ ನಗುತ್ತೀರಿ. ಆಮೇಲಿನ ಸಂಜೆಗಳಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ತಟ್ಟನೆ ತಿರುಗಿ ನೋಡುತ್ತಿದ್ದೆ. ಕಾರಿನ ಕನ್ನಡಿಯಲ್ಲಿ ಕದ್ದು ನೋಡುತ್ತಿದ್ದೆ. ಗೋಡೆ, ಗೋಡೆಯ ಮೇಲೆ ನನ್ನ ನೆರಳು, ಅಷ್ಟೇ. ಕ್ರಮೇಣ ಮಾತಾಡಲು ಶುರುಮಾಡಿದೆ. ಈ ಬೋಲ್ಟು ಬಿಗಿಯಾಗಿದೆ ನೋಡಿ, ಈ ಪೈಪು ತೂತಾಗಿದೆ ನೋಡಿ ಎಂದು. ಮಾತು ಸರಾಗವಾದ ಮೇಲೆ ಒಂದು ಸಂಜೆ ಶಾರದೆಯ ವಿಚಾರವನ್ನೂ ಹೇಳಿದೆ. ಅವಳು ಹೋದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಆ ಸಂಜೆ ಆದದ್ದು ಹೀಗೆ. ನಾನು ಕಾರಿನ ಅಡಿಯಲ್ಲಿ ಅಂಗಾತ ಮಲಗಿ ಒಂದು ನಟ್ಟನ್ನು ಬಿಗಿ ಮಾಡುತ್ತಿದ್ದೆ. ಕೈಯಲ್ಲಿದ್ದ ಸ್ಪ್ಯಾನರು ಅಳತೆಗೆ ದೊಡ್ಡದಾಯಿತು. ಪೆಟ್ಟಿಗೆ ಬಾಗಿಲ ಬಳಿ, ನನ್ನ ಕೈಗೆಟುಕದಷ್ಟು ದೂರದಲ್ಲಿತ್ತು. ಮಾತಿನ ಓಘದಲ್ಲಿ, ಯೋಚಿಸದೆಯೇ, "ಸ್ವಲ್ಪ ಇದರ ಪಕ್ಕದ ಸಣ್ಣದು ಕೊಡ್ರಿ" ಎಂದು ಕೈಯನ್ನು ಹೊರಗೆ ಚಾಚಿದೆ.

ಅಂಗೈಯ ಮೇಲೆ ಸ್ಪ್ಯಾನರು ಬಂದು ಕೂತಿತು.

ಬಿದ್ದದ್ದಲ್ಲ, ಎಸೆದದ್ದೂ ಅಲ್ಲ. ಹಿಡಿಯಲು ಅನುಕೂಲವಾಗುವಂತೆ ಹಿಡಿಯ ಕಡೆಯನ್ನು ನನ್ನತ್ತ ತಿರುಗಿಸಿ ಇಟ್ಟದ್ದು. ಕಬ್ಬಿಣ ತುಸು ಬೆಚ್ಚಗಿತ್ತು. ಗೋಪಾಲ ಬಂದಿದ್ದಾನೆಂದುಕೊಂಡು, "ಯಾವಾಗ ಬಂದ್ಯೋ?" ಎಂದೆ. ನೆಲದ ಮಟ್ಟದಲ್ಲಿ ನನಗೆ ಬಾಗಿಲ ತನಕ ಎಲ್ಲವೂ ಕಾಣುತ್ತಿತ್ತು. ಎಲ್ಲೂ ಕಾಲುಗಳಿರಲಿಲ್ಲ.

ತೆವಳಿಕೊಂಡು ಹೊರಗೆ ಬಂದೆ. ಗ್ಯಾರೇಜು ಖಾಲಿ. ಓಡಿಹೋಗಿ ಕಾಂಪೌಂಡಿನ ಆಚೆ ನೋಡಿದೆ. ನಾಗಮ್ಮನವರು ನೋಡಿದ್ದರೆ ಕೇಳೋಣವೆಂದು. ಅವರ ಕಿಟಕಿ ಮುಚ್ಚಿತ್ತು. ಮನೆಯವರೆಲ್ಲ ಮದುವೆಗೆ ಹೋಗಿದ್ದಾರೆಂಬುದು ಆಗ ನೆನಪಾಯಿತು. ನೋಡಿದವರು ಯಾರೂ ಇರಲಿಲ್ಲ. ವಾಪಸು ಬಂದು ಅದೇ ಸ್ಪ್ಯಾನರು ಹಾಕಿ ತಿರುಗಿಸಿದೆ. ಅಳತೆ ಸರಿಯಾಗಿತ್ತು. ಆ ನಟ್ಟನ್ನು ಬಿಗಿ ಮಾಡಿ ಮುಗಿಸಿಯೇ ಎದ್ದೆ. ಆಮೇಲೆ ಕಾರಿನ ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಯಾಕೆಂದು ಕೇಳಿದರೆ ಈಗಲೂ ಹೇಳಲಾರೆ.

ಕೆಲವು ದಿನಗಳಲ್ಲಿ ಕಾರು ಹೊರಟಿತು. ಹೊಗೆ ಕಾರುತ್ತಾ, ಕೆಮ್ಮುತ್ತಾ, ಆದರೂ ಹೊರಟಿತು. ಗೇಟಿನಿಂದ ರಸ್ತೆಗೆ ತಂದಾಗ ನಾಗಮ್ಮನವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಮುಖವೆಲ್ಲ ಸಂತೋಷ.

"ಅಂತೂ ಆಯ್ತಲ್ಲ! ಹುಷಾರಾಗಿ ಹೋಗ್ಬನ್ನಿ ಇಬ್ರೂ," ಎಂದರು.

ನಾನು ಪಕ್ಕದ ಸೀಟನ್ನು ನೋಡಿದೆ. ಇಲಿ ಕಡಿದ ಜಾಗಕ್ಕೆ ನಾನೇ ಹಾಕಿದ್ದ ತೇಪೆ ಕಾಣುತ್ತಿತ್ತು. ನಂಜನಗೂಡಿನ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ, ನಿಲ್ಲಿಸದೆ, ತಿರುಗಿಸಿಕೊಂಡು ಬಂದೆ.

ಮರುವರ್ಷ ನಾಗಮ್ಮನವರ ಮಗನಿಗೆ ಹಾಸನಕ್ಕೆ ವರ್ಗವಾಯಿತು, ಆಕೆಯೂ ಜೊತೆಗೆ ಹೋದರು. ಗೋಪಾಲ ಮತ್ತೆ ಬಂದಾಗಲೆಲ್ಲ ಗ್ಯಾರೇಜಿನಲ್ಲಿ ಯಾರನ್ನೂ ಕಾಣಲಿಲ್ಲವೆಂದೇ ಹೇಳಿದ. ಅವನು ಬರುತ್ತಿದ್ದುದೂ ಅಪರೂಪ. ನಾನು ಆಮೇಲೂ ಎಷ್ಟೋ ಸಲ ಕಾರಿನ ಅಡಿಯಿಂದ ಕೈ ಚಾಚಿದ್ದೇನೆ. ಏನೂ ಬರಲಿಲ್ಲ. ಮನಸ್ಸಿನ ಭ್ರಮೆ ಎನ್ನೋಣವೆಂದರೆ ಭ್ರಮೆ ನನ್ನೊಬ್ಬನದಾಗಿರಲಿಲ್ಲ. ದೆವ್ವ ಎನ್ನೋಣವೆಂದರೆ ಯಾರದೆಂದು ಗೊತ್ತಿಲ್ಲ. ಯಾರಿಗೂ ಕೆಡುಕು ಮಾಡಲೂ ಇಲ್ಲ.

ಪಕ್ಕದ ಮನೆಗೆ ಈಗ ಬೇರೆ ಸಂಸಾರ ಬಂದಿದೆ. ಆ ಹೆಂಗಸು ಅದೇ ಕಿಟಕಿಯ ಮುಂದೆ ನಿಂತು ಅಡುಗೆ ಮಾಡುತ್ತಾರೆ. ಎದುರಾದರೆ ನಗುತ್ತಾರೆ, ಊಟವಾಯಿತೇ ಎನ್ನುತ್ತಾರೆ. ಗ್ಯಾರೇಜಿನ ವಿಚಾರ ಇದುವರೆಗೆ ಎತ್ತಿಲ್ಲ. ಕೇಳಿಬಿಡೋಣವೆಂದು ಎಷ್ಟೋ ಸಲ ಗೋಡೆಯವರೆಗೂ ಹೋಗಿದ್ದೇನೆ. ಕೇಳಿದರೆ ಆಕೆ, "ಇಲ್ವಲ್ಲ, ಯಾವಾಗಲೂ ನೀವೊಬ್ಬರೇ ಇರ್ತೀರಿ" ಎಂದುಬಿಟ್ಟರೆ? ಹವೆ ಹೇಗಿದೆ, ನಲ್ಲಿಯಲ್ಲಿ ನೀರು ಬಂತೇ ಎಂದು ಏನೋ ಒಂದು ಮಾತಾಡಿ ಹಿಂತಿರುಗುತ್ತೇನೆ.