ಬಿಂದಿಗೆ ತಳ್ದೋರು ಯಾರು

ಆಗ ನಮ್ಮ ಕಡೆ ಗಣೇಶನ ಹಬ್ಬ ಒಂದು ದಿನದ್ದಲ್ಲ, ಒಂದು ತಿಂಗಳದ್ದು. ಒಂದು ಬೀದಿಯವರು ಗಣೇಶನನ್ನು ನೀರಿಗೆ ಬಿಟ್ಟು ಬರುವ ಹೊತ್ತಿಗೆ ಪಕ್ಕದ ಬೀದಿಯವರು ಕೂರಿಸುತ್ತಿದ್ದರು. ಪೆಂಡಾಲ್ ಅಂದ ಮೇಲೆ ಆರ್ಕೆಸ್ಟ್ರಾ ಇರಲೇಬೇಕು. ಬಿನ್ನಿಪೇಟೆ, ಚಾಮರಾಜಪೇಟೆ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನರೇಟರ್ ಹೊಗೆಯೂ ಕಡಲೆಕಾಳು ಉಸ್ಲಿಯ ಒಗ್ಗರಣೆಯೂ ಒಟ್ಟಿಗೆ ಮೂಗಿಗೆ ಬಡಿದರೆ ಸಾಕು, ಆಡುತ್ತಿದ್ದ ಲಗೋರಿ ಬಿಟ್ಟು ಓಡುತ್ತಿದ್ದೆವು.

ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ಹಬ್ಬ ಮಾತ್ರ ನೆನೆದರೆ ಖುಷಿಯಾಗುವುದಿಲ್ಲ. ಸಿಟ್ಟು ಬರುತ್ತದೆ.

ಮುನಿರಾಜ ಅಮ್ಮನ ತಮ್ಮ, ನನ್ನ ಮಾವ. ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡ್ ಪ್ರಿಂಟ್ ಮಾಡುವ ಕೆಲಸ. ಮನೆಗೆ ಬಂದರೆ ಇಂಕು, ಸೀಮೆಎಣ್ಣೆ ವಾಸನೆ ಬರುತ್ತಿತ್ತು. ಯಾರೋ ಮಾರಿದ ಹಳೆಯ ಎಲೆಕ್ಟ್ರಿಕ್ ಗಿಟಾರ್ ಅವನ ಹತ್ತಿರ ಇತ್ತು. ರಾಕ್ ಅಂದರೆ ಹುಚ್ಚು. ಅದನ್ನು ಕನ್ನಡದಲ್ಲೇ ಮಾಡಬೇಕು ಅಂತ ಹಟ. ತಾನೇ ಬರೆಯುತ್ತಿದ್ದ, ತಾನೇ ರಾಗ ಕಟ್ಟುತ್ತಿದ್ದ. ಆದರೆ ಅವನದು ಅಂತ ಒಂದು ಬ್ಯಾಂಡ್ ಇರಲಿಲ್ಲ. ಯಾವ ಪೆಂಡಾಲಿನಲ್ಲಿ ಯಾರು ನುಡಿಸುತ್ತಿದ್ದರೋ ಅವರನ್ನೇ ಕೇಳಿಕೊಂಡು, ಅವರನ್ನೇ ಹಿಂದೆ ನಿಲ್ಲಿಸಿಕೊಂಡು ಹಾಡುತ್ತಿದ್ದ.

ಆ ವರ್ಷ ಅವನು ಎಲ್ಲಾ ಕಡೆ ಹಾಡಿದ್ದು ಒಂದೇ ಹಾಡು. ಅದು ಹುಟ್ಟಿದ್ದು ನಮ್ಮ ಬೀದಿಯ ನಲ್ಲಿಯಲ್ಲಿ. ನೀರು ಬರುವ ದಿನ ಅಮ್ಮ ಹಸಿರು ಪ್ಲಾಸ್ಟಿಕ್ ಬಿಂದಿಗೆಯನ್ನು ಎಲ್ಲರಿಗಿಂತ ಮುಂಚೆ ಇಟ್ಟು ಒಲೆ ನೋಡಲು ಒಳಗೆ ಬಂದಿದ್ದಳು. ತಿರುಗಿ ಹೋದರೆ ಬಿಂದಿಗೆ ಮೋರಿಯಲ್ಲಿ ಬಿದ್ದಿತ್ತು. ಮೇಲಿನ ಬೀದಿಯವರು ಕಾಲಲ್ಲಿ ತಳ್ಳಿದ್ದರು. ನಮ್ಮ ಬಿಂದಿಗೆಯನ್ನು ಅವರು ಕೈಯಲ್ಲಿ ಮುಟ್ಟುತ್ತಿರಲಿಲ್ಲ.

ಅಮ್ಮ ನಡುಬೀದಿಯಲ್ಲಿ ನಿಂತು ಕೂಗಿದಳು. "ಬಿಂದಿಗೆ ತಳ್ದೋರು ಯಾರು? ಮುಂದೆ ಬನ್ನಿ, ಮುಖ ನೋಡ್ತೀನಿ."

ಒಬ್ಬರೂ ಬಾಯಿ ಬಿಡಲಿಲ್ಲ. ಮಾವ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದವನು ಅದನ್ನೇ ಹಾಡು ಮಾಡಿದ. "ಬಿಂದಿಗೆ ತಳ್ದೋರು ಯಾರು? ಸಾಲಲ್ಲಿ ಮುಂದಿದ್ದೆ ನಾನು." ಸಾಲು ಮುಗಿದ ಕೂಡಲೇ ಬೀದಿಯ ಹುಡುಗರೆಲ್ಲ "ಯಾರು? ಯಾರು?" ಅಂತ ಅರಚಬೇಕು. ಆ ಅರಚಾಟದಲ್ಲಿ ನನ್ನದೇ ಗಂಟಲು ದೊಡ್ಡದು.

ಮೊದಲು ಹಾಡಿದ್ದು ನಮ್ಮದೇ ಪೆಂಡಾಲಿನಲ್ಲಿ. ಹಿಂದೆ ತಮಟೆ ಹುಡುಗರು. ಬೆಂಕಿಗೆ ಹಿಡಿದು ಕಾಯಿಸಿದ ತಮಟೆ, ಆ ಏಟಿಗೆ ಗಿಟಾರ್ ಕೇಳಿಸಲೇ ಇಲ್ಲ. ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ. ಮೇಲಿನ ಬೀದಿಯವರು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ನಾವು ಅವರ ಕಡೆಗೇ ತಿರುಗಿ "ಯಾರು? ಯಾರು?" ಅಂದೆವು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಚಾಮರಾಜಪೇಟೆಯಲ್ಲಿ ಸಿಕ್ಕಿದ್ದು ಮದುವೆ ಬ್ಯಾಂಡ್‌ಸೆಟ್. ಕೆಂಪು ಕೋಟು, ಹಿತ್ತಾಳೆ ತುತ್ತೂರಿ. ಅವರು ಹೆಣದ ಮುಂದೆಯೂ ನುಡಿಸುವವರು. ವಯಸ್ಸಾದ ಮೇಸ್ತ್ರಿ ಒಂದು ಸಲ ಕೇಳಿ, ಈ ಮಾತು ಇಷ್ಟು ಜೋರಾಗಿ ಓಡಬಾರದು ಕಣಯ್ಯ, ನಡೀಬೇಕು ಅಂದರಂತೆ. ನಿಧಾನವಾಗಿ ನುಡಿಸಿದರು. ಅದೇ ಹಾಡು, ಆದರೆ ಅಮ್ಮ ಈ ಸಲ ನಗಲಿಲ್ಲ. ಸೆರಗು ಕಣ್ಣಿಗೆ ಹೋಯಿತು.

ಮೂರನೆಯದು ಪಕ್ಕದ ಏರಿಯಾದ ದೊಡ್ಡ ಆರ್ಕೆಸ್ಟ್ರಾ. ಕೀಬೋರ್ಡು, ಬಣ್ಣದ ಲೈಟು, ಮಿಂಚುವ ಅಂಗಿ ತೊಟ್ಟ ಅನೌನ್ಸರ್. ಆರ್ಕೆಸ್ಟ್ರಾದಲ್ಲಿ ಪ್ರತಿ ಹಾಡಿಗೂ ಮೊದಲು ಸಿನಿಮಾ ಹೆಸರು ಹೇಳಬೇಕು, ಅದು ಅಲ್ಲಿನ ಪದ್ಧತಿ. ಯಾವ ಪಿಕ್ಚರ್ ಅಂತ ಕೇಳಿದ. ಯಾವುದೂ ಅಲ್ಲ ಅಂದ ಮಾವ. ಅನೌನ್ಸರ್ ಬಾಯಿಗೆ ಬಂದ ಒಂದು ಹೆಸರು ಸೇರಿಸಿ ಹೇಳಿಬಿಟ್ಟ.

ಮಾವ ಮೈಕ್ ಕಿತ್ತುಕೊಂಡ. "ಪಿಕ್ಚರ್ ಇಲ್ಲ ಏನಿಲ್ಲ. ಇದು ನಾನು ಬರ್ದಿದ್ದು."

ಜನ ನಕ್ಕರು. ಕೆಟ್ಟದಾಗಿ ನಕ್ಕರು. ಹಿಂದಿನಿಂದ ಯಾರೋ, "ಓಹೋ, ಕವಿಗಳು. ಮೊದ್ಲು ಕೈ ತೊಳ್ಕೊಂಡು ಬಾ ಗುರು" ಅಂದ. ಮಾವನ ಕೈಯಲ್ಲಿ ಇನ್ನೂ ಮದುವೆ ಕಾರ್ಡಿನ ಕೆಂಪು ಇಂಕು ಇತ್ತು. ಅವತ್ತು ಅವನು ಮನೆಗೆ ಬಂದು ಊಟ ಮಾಡಲಿಲ್ಲ.

ಆ ನಗುವಿನ ಮಧ್ಯೆ ನಗದೆ ನಿಂತಿದ್ದವನು ವಿನಯ್. ಶಂಕರಪುರದ ಹುಡುಗ, ಕಾಲೇಜಿನಲ್ಲಿ ಓದುತ್ತಿದ್ದ. ಅವನಿಗೊಂದು ರಾಕ್ ಬ್ಯಾಂಡ್ ಇತ್ತು, ನಿಜವಾದ ಡ್ರಮ್ಸ್ ಇತ್ತು. ಮಾವನನ್ನು ಹುಡುಕಿಕೊಂಡು ನಮ್ಮ ಬೀದಿಗೇ ಬಂದ. ಅವನ ಮನೆಯ ಕಾರ್ ಶೆಡ್ಡಿನಲ್ಲಿ ಪ್ರಾಕ್ಟೀಸ್ ಶುರುವಾಯಿತು. ನಾವು ಹುಡುಗರೂ ಹೋಗುತ್ತಿದ್ದೆವು, "ಯಾರು? ಯಾರು?" ನಮ್ಮದಲ್ಲವೇ. ಅವರಮ್ಮ ಕಾಫಿ ಕಳಿಸುತ್ತಿದ್ದರು. ಬ್ಯಾಂಡಿನವರಿಗೆ ಸ್ಟೀಲ್ ಲೋಟ, ಮಾವನಿಗೂ ನಮಗೂ ಪೇಪರ್ ಕಪ್ಪು. ನಮಗೆ ಆಗ ಪೇಪರ್ ಕಪ್ಪೇ ದೊಡ್ಡದು ಅನ್ನಿಸಿತ್ತು.

ಬಸವನಗುಡಿಯ ಪೆಂಡಾಲಿನಲ್ಲಿ ಪ್ರೋಗ್ರಾಂ ಫಿಕ್ಸ್ ಆಯಿತು. ಅಲ್ಲಿನ ಕಮಿಟಿಯವರದು ಒಂದು ರೂಲ್ಸು. ಭಕ್ತಿಗೀತೆ ಹಾಡಿ, ಸಿನಿಮಾ ಹಾಡಿ, ಜನಪದ ಹಾಡಿ. ಬೇರೆ ಯಾವುದೂ ನಡೆಯಲ್ಲ. ವಿನಯ್ ಸ್ಟೇಜ್ ಹತ್ತಿರ ಬಂದು ಮಾವನ ಹೆಗಲ ಮೇಲೆ ಕೈ ಹಾಕಿದ. "ಜನಪದ ಅಂತ ಹೇಳ್ಬಿಡೋಣ ಮಚ್ಚಾ. ಇವತ್ತೊಂದಿನ."

ನಮ್ಮ ಜೊತೆ ಬಂದಿದ್ದ ಅಮ್ಮ ಬೇಡ ಅಂದಳು. "ಯಾಕೋ, ನಿಂಗೆ ಹೆಸ್ರಿಲ್ವಾ?"

ಆರ್ಕೆಸ್ಟ್ರಾದ ನಗು ಮಾವನ ಕಿವಿಯಲ್ಲಿ ಇನ್ನೂ ಇತ್ತು ಅಂತ ಕಾಣುತ್ತದೆ. ವಿನಯ್ ಕಡೆ ಹೂಂ ಅಂತ ತಲೆಯಾಡಿಸಿ ಗಿಟಾರ್ ಹಾಕಿಕೊಂಡ.

ಸುಳ್ಳು ಯಾಕೆ ಹೇಳಲಿ, ಅಷ್ಟು ಚೆನ್ನಾಗಿ ಆ ಹಾಡು ಮತ್ತೆ ಯಾವತ್ತೂ ಕೇಳಿಲ್ಲ. ಡ್ರಮ್ಸ್ ಎದೆಗೆ ಗುದ್ದುತ್ತಿತ್ತು. ಮಾವನ ಗಿಟಾರ್ ಮೊದಲ ಸಲ ಸರಿಯಾಗಿ ಕೇಳಿಸಿತು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂತ ದೊಡ್ಡವರೂ ತಾಳ ಹಾಕಿದರು. ಹಾಡು ಯಾರನ್ನು ಪ್ರಶ್ನೆ ಮಾಡುತ್ತಿದೆ ಅಂತ ಅವರಿಗೆ ಗೊತ್ತಾಗಲಿಲ್ಲ, ಅಷ್ಟೇ. ಕ್ಯಾಮೆರಾ ಫೋನ್ ಇದ್ದವರು ಎತ್ತಿ ಹಿಡಿದು ರೆಕಾರ್ಡ್ ಮಾಡಿಕೊಂಡರು. ಹಬ್ಬ ಮುಗಿಯಿತು. ವಿನಯ್ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಹಾಡು ಮಾತ್ರ ಅವನ ಜೊತೆ ಹೋಯಿತು.

ಈಗ ನಾನು ಸ್ಪೀಕರ್ ಬಾಡಿಗೆಗೆ ಕೊಡುವವರ ಹತ್ತಿರ ಕೆಲಸ ಮಾಡುತ್ತೇನೆ. ಹೋದ ತಿಂಗಳು ಮಲ್ಲೇಶ್ವರದ ಒಂದು ಹಾಲ್‌ನಲ್ಲಿ ವೈರ್ ಎಳೆಯುತ್ತಿದ್ದೆ. ಹಾಡಲು ಬಂದವನು ವಿನಯ್. ಗಡ್ಡ ಬಂದಿದೆ, ಹೆಸರು ಬಂದಿದೆ. ಹಿಂದೆ ಕೊಳಲು, ಪಿಟೀಲು. ಹಾಡಿಗೆ ಮೊದಲು ಕಥೆ ಹೇಳಿದ. ಇದು ಹಳೇ ಜನಪದ ಗೀತೆಯಂತೆ. ಹಳ್ಳಿ ಹುಡುಗಿ ಹೊಳೆಯಿಂದ ನೀರು ತರುತ್ತಾಳಂತೆ, ಪ್ರೀತಿಸುವ ಹುಡುಗ ತಮಾಷೆಗೆ ಬಿಂದಿಗೆ ತಳ್ಳುತ್ತಾನಂತೆ, ಅವಳು ನಾಚಿಕೊಂಡು ಕೇಳುತ್ತಾಳಂತೆ. ಆಮೇಲೆ ಕಣ್ಣು ಮುಚ್ಚಿ, ಜೋಗುಳದ ಥರ ಹಾಡಿದ. "ಯಾರು? ಯಾರು?" ಅನ್ನುವುದನ್ನು ಇಬ್ಬರು ಹುಡುಗಿಯರು ಪಿಸುಗುಟ್ಟಿದರು. ಜನ ಆಹಾ ಅಂದರು.

ಮುಗಿದ ಮೇಲೆ ಹೋಗಿ ಕೇಳಿದೆ. "ಸರ್, ಅದು ನಮ್ಮ ಮಾವ ಮುನಿರಾಜ ಬರ್ದಿದ್ದು. ನಿಮ್ಮನೆ ಶೆಡ್ಡಲ್ಲೇ ಹಾಡಿದ್ವಿ. ನಾನೂ ಇದ್ದೆ."

ನನ್ನ ಮುಖ ನೋಡಿದ. ಗುರುತು ಸಿಕ್ಕಿತು, ಅದು ಕಣ್ಣಲ್ಲಿ ಕಾಣಿಸಿತು. ಆಮೇಲೆ ನಕ್ಕ. "ನೋಡು ಗುರು, ಜನಪದ ಅಂದ್ರೆ ಎಲ್ಲಾರ್ದೂ. ಎಲ್ಲಾರೂ ನಮ್ದು ಅನ್ಬೋದು."

ಎಲ್ಲರದೂ ಆದರೆ ಪೋಸ್ಟರಿನಲ್ಲಿ ಅವನ ಮುಖ ಒಂದೇ ಯಾಕಿತ್ತು? ಬಾಯಿಗೆ ಬಂದಿತ್ತು. ಓನರ್ ಕರೆದ, ವೈರ್ ಸುತ್ತಲು ಹೋದೆ.

ಮನೆಗೆ ಬಂದು ವಿನಯ್ ಹೇಳಿದ ಕಥೆ, ಹಾಡು ಎರಡನ್ನೂ ಅಮ್ಮನಿಗೆ ಫೋನಿನಲ್ಲಿ ಹಾಕಿ ತೋರಿಸಿದೆ. ಪೂರ್ತಿ ಕೇಳಿದಳು. "ಹೊಳೆನಾ? ಬಿನ್ನಿಪೇಟೇಲಿ ಎಲ್ಲೋ ಇದೆ ಹೊಳೆ?" ಅಂದಳು. ಮಾವ ಪಕ್ಕದಲ್ಲೇ ಕೂತಿದ್ದ. ಗಿಟಾರ್ ಯಾವತ್ತೋ ಹೋಯಿತು, ಈಗ ಕಂಪ್ಯೂಟರ್ ಕಾರ್ಡು ಬಂದು ಪ್ರಿಂಟಿಂಗ್ ಕೆಲಸವೂ ಅಷ್ಟಕ್ಕಷ್ಟೇ. ಮೆಲ್ಲಗೆ ಒಂದು ಸಾಲು ಹಾಡಿದ, ತಮಟೆಯ ಲೆಕ್ಕದಲ್ಲಿ, ಮೊದಲಿನ ಹಾಗೆ. ನನ್ನ ತಂಗಿಯ ಮಗಳು ತಡೆದಳು. ಅವಳಿಗೆ ಸ್ಕೂಲಿನಲ್ಲಿ ಇದನ್ನು ಜನಪದ ಅಂತ, ವಿನಯ್ ಹಾಡಿದ ಹಾಗೇ ಹೇಳಿಕೊಟ್ಟಿದ್ದಾರೆ. "ತಾತ, ಹಂಗಲ್ಲ. ನೀನು ತಪ್ಪು ಹಾಡ್ತಿದ್ಯಾ."

ಮಾವ ನಿಲ್ಲಿಸಿಬಿಟ್ಟ.

ಆ ನಲ್ಲಿ ಈಗ ಇಲ್ಲ. ಹಸಿರು ಬಿಂದಿಗೆ ಇಲ್ಲ. ಆ ಬೀದಿಯಲ್ಲಿ ಅರಚುತ್ತಿದ್ದ ನಮ್ಮ ಗಂಟಲುಗಳೂ ಇಲ್ಲ, ಒಬ್ಬೊಬ್ಬರೂ ಒಂದೊಂದು ಕಡೆ ದುಡಿಯುತ್ತಿದ್ದೇವೆ. ಅವೆಲ್ಲ ಹೋಗುವಂಥವೇ, ಹೋಗಲಿ. ಆದರೆ ಅಮ್ಮ ಅವತ್ತು ಕೇಳಿದಾಗ ಉತ್ತರ ಗೊತ್ತಿದ್ದವರೆಲ್ಲ ಸುಮ್ಮನಿದ್ದರು. ನಾನು ಸುಮ್ಮನಿರಲಾರೆ. ಬಿಂದಿಗೆ ತಳ್ಳಿದವರು ಯಾರು ಅಂತ ನನಗೆ ಗೊತ್ತು. ಎರಡು ಸಲವೂ ಗೊತ್ತು.