ಭೋಂಗಾ ಕೇಳಿಸಿಕೊಂಡದ್ದು

ಕಮರಿಪೇಟೆಯ ಕಮರುದ್ದೀನ ಕಾಕಾನಿಗೆ ದೆವ್ವದ ಮಾತೆಂದರೆ ಮೈಯೆಲ್ಲ ಉರಿಯುತ್ತಿತ್ತು. ಹಳೇ ಮೋಟಾರಿನ ಮೇಲೆ ಧ್ವನಿವರ್ಧಕದ ಭೋಂಗಾ ಕಟ್ಟಿ, ಹಿಂದಿನ ಸೀಟಿನಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು, ಸಿನಿಮಾ, ಸಭೆ, ಕಳೆದುಹೋದ ಎಮ್ಮೆ, ಎಲ್ಲವನ್ನೂ ಊರಿಗೆ ಸಾರುವುದು ಅವನ ಕಸುಬು. ಸೆಟ್ ಕೆಟ್ಟರೆ ತಂತಿ ಸಡಿಲಾಗಿರಬೇಕು, ಇಲ್ಲವೇ ವಾಲ್ವು ಸುಟ್ಟಿರಬೇಕು. ಬೇರೆ ಕಾರಣ ಹೇಳಿದವರನ್ನು ಅಂಗಡಿಯ ಮೆಟ್ಟಿಲು ಹತ್ತಗೊಡುತ್ತಿರಲಿಲ್ಲ. ನನ್ನನ್ನೂ ಒಮ್ಮೆ ಇಳಿಸಿದ್ದ.

ಅರವತ್ತೊಂದರ ಬೇಸಿಗೆಯಲ್ಲಿ ನಮ್ಮ ಓಣಿಯ ಶೇವಂತೆವ್ವನ ಪುಟ್ಟ ಮಗಳು ಸಂತೆಯಲ್ಲಿ ತಪ್ಪಿಸಿಕೊಂಡಳು. ಕಾಕಾ ಅವಳ ತಾಯಿಯನ್ನೂ, ಸಹಾಯಕ್ಕೆಂದು ನನ್ನನ್ನೂ ಮೋಟಾರಿನಲ್ಲಿ ಕೂಡಿಸಿಕೊಂಡು ಬೀದಿ ಬೀದಿ ಕೂಗುತ್ತ ಹೊರಟ. ಹಾಳುಬಾವಿಯ ಹತ್ತಿರ ಸೆಟ್ ಗಪ್ಪಾಯಿತು. ಮುಂದೆ ಹೋದರೆ ಸರಿಯಾಯಿತು. ತಿರುಗಿ ಬಂದರೆ ಮತ್ತೆ ಗಪ್. ಬ್ಯಾಟರಿಯ ತಂತಿ ಬಿಗಿದ, ವಾಲ್ವುಗಳನ್ನು ತೆಗೆದು ಕೂರಿಸಿದ, ಮೈಕು ಬದಲಿಸಿದ. ಕುಲುಕಾಟಕ್ಕೆ ಹೀಗಾಗುತ್ತಿದೆಯೇನೋ ಎಂದು ಮೋಟಾರನ್ನು ಕೈಯಿಂದ ಮೆಲ್ಲಗೆ ದೂಡಿ ನೋಡಿದೆವು. ಬಾವಿಗೆ ಬಂದೊಡನೆ ಮತ್ತೆ ಬಂದ್.

ಕೊನೆಗೆ ಕಾಕಾ ಭೋಂಗಾದ ತಂತಿಯನ್ನು ಸೆಟ್ಟಿನಿಂದ ಬಿಚ್ಚಿ ಹೆಡ್‌ಫೋನಿಗೆ ಜೋಡಿಸಿದ. ಅದು ಅವನದೇ ಪರೀಕ್ಷೆ: ಭೋಂಗಾದ ಬಾಯಿ ಕೆರೆದರೆ ಕಿವಿಯಲ್ಲಿ ಸದ್ದು ಬರಬೇಕು. "ಭೋಂಗಾ ಬರೇ ಮಾತಾಡೂದಿಲ್ಲಪಾ, ಕೇಳತೈತಿ ಸುದ್ದಾ" ಎನ್ನುತ್ತಿದ್ದ. ಅವತ್ತು ಕೆರೆಯಲು ಎತ್ತಿದ ಕೈ ಹಾಗೇ ನಿಂತಿತು. ಮುಖದ ಕಳೆ ಹೋಯಿತು.

"ಬಾವ್ಯಾಗ ಕೂಸು ಅಳಾಕತ್ತೈತಿ" ಎಂದ.

ಶೇವಂತೆವ್ವ ಚೀರುತ್ತ ಓಡಿದಳು. ನೆರೆದವರಲ್ಲಿ ಇಬ್ಬರು ಹಗ್ಗ ಹಿಡಿದು ಇಳಿದರು. ಒಣ ಮಣ್ಣು, ಮುಳ್ಳು, ಅಷ್ಟೇ. ಅವರು ಮೇಲೆ ಬರುವಷ್ಟರಲ್ಲಿ ಟಾಂಗಾದ ರಸೂಲಸಾಬ ಹುಡುಗಿಯನ್ನು ತಂದು ಇಳಿಸಿದ. ಸ್ಟೇಶನ್ನಿನ ಬಾಗಿಲಲ್ಲಿ ಪುಟಾಣಿ ಕಡಲೆ ತಿನ್ನುತ್ತ ನಿಂತಿದ್ದಳಂತೆ. ಎಲ್ಲರೂ ಅತ್ತರು, ನಕ್ಕರು, ಮನೆಯ ದಾರಿ ಹಿಡಿದರು. ಕಾಕಾ ಮಾತ್ರ ಹೆಡ್‌ಫೋನ್ ತೆಗೆಯಲಿಲ್ಲ. ಅಳು ಇನ್ನೂ ನಿಂತಿಲ್ಲವೆಂದು ನನಗೆ ಕೈಸನ್ನೆ ಮಾಡಿದ.

ಅದನ್ನು ಕಂಡ ಶೇವಂತೆವ್ವ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗಿ ಬಂದಳು. "ಕಾಕಾರ, ಅದಕ್ಕೂ ಒಬ್ಬಾಕಿ ತಾಯಿ ಇರ್ತಾಳಲ್ರಿ. ಒಂದ್ಸಲ ಕೂಗ್ರಿ."

ಕಾಕಾ ತಂತಿ ಮೊದಲಿನಂತೆ ಜೋಡಿಸಿ ಮೈಕು ಹಿಡಿದ. ಸೆಟ್ ಈ ಸಲ ತಡವರಿಸಲಿಲ್ಲ.

"ಬಾವಿ ಕಡೆ ಒಂದು ಕೂಸು ಅಳಾಕತ್ತೈತ್ರಿ. ಯಾರದರ ಇದ್ರ ಬರ್ರಿ."

ಬಾವಿಯೆದುರಿನ ಮನೆಯಿಂದ ಸಾವಕ್ಕ ಎಂಬ ಮುದುಕಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅವಳಿಗೆ ಮಕ್ಕಳೇ ಆಗಲಿಲ್ಲವೆಂದು ಓಣಿಯೆಲ್ಲ ನಂಬಿತ್ತು.

"ಇನ್ನೂ ಅಳಾಕತ್ತೈತೇನ್ರಿ?" ಎಂದು ಕೇಳಿದಳು.