ಹೆರ್ ಲೋಮನ್ ಹೇಳಿಹೋದ ಮಾತು

ಸಾಯುತ್ತಿದ್ದ ಒಬ್ಬ ಮನುಷ್ಯನಿಗೆ ಮಾತು ಕೊಟ್ಟು, ಅವರು ಕಣ್ಣು ಮುಚ್ಚಿದ ಮರುದಿನವೇ ಅದಕ್ಕೆ ತಪ್ಪಿದವಳು ನಾನು. ತಪ್ಪಿದ್ದಷ್ಟೇ ಅಲ್ಲ — ಎದುರು ನಿಂತು ಕೇಳಿದ ಇಲ್ಸೆಗೆ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಜರ್ಮನಿಯ ಕಲೋನ್‌ನ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಮೈಸೂರಿನಿಂದ ಬಂದ ಹೊಸತರಲ್ಲಿ ನನ್ನ ಪಾಲಿಗೆ ಬಂದವರು ಹೆರ್ ಲೋಮನ್ — ಹೆರ್ ಎಂದರೆ ಇಲ್ಲಿ ಶ್ರೀಯುತ. ಎರಡನೇ ಮಹಾಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದವರು. ತೊಂಬತ್ತು ದಾಟಿತ್ತು, ಮಕ್ಕಳಿರಲಿಲ್ಲ. ಮಹಾ ಸಿಡುಕ, ಸೂಪ್ ತಣ್ಣಗಿದ್ದರೆ ಚಮಚ ಎಸೆಯುತ್ತಿದ್ದರು. ಅವರನ್ನು ನೋಡಲು ಬರುತ್ತಿದ್ದವರು ಇಲ್ಸೆ ಒಬ್ಬರೇ. ಇಲ್ಸೆಯ ತಂದೆ ಲೋಮನ್ ಅವರ ಜೋಡಿ ಪೈಲಟ್ — ಇಬ್ಬರೂ ತಂತಮ್ಮ ವಿಮಾನಗಳಲ್ಲಿ ಯಾವಾಗಲೂ ಜೊತೆಯಲ್ಲೇ ಹಾರುತ್ತಿದ್ದರಂತೆ. ಇಲ್ಸೆ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ತಂದೆ ವಿಮಾನದೊಂದಿಗೆ ಸಮುದ್ರದ ಪಾಲಾದರು, ಹೆಣವೂ ಸಿಗಲಿಲ್ಲ. ಅಪ್ಪನನ್ನು ಕೊನೆಗೆ ಕಂಡವರು ಎಂಬ ಒಂದೇ ಕಾರಣಕ್ಕೆ ಇಲ್ಸೆ ಈ ಮುದುಕರನ್ನು ಸ್ವಂತ ಅಪ್ಪನಂತೆ ನೋಡಿಕೊಂಡರು. ಅಲ್ಲಿ ಪರಿಚಯವಾದ ನನಗೆ ತಮ್ಮ ಮನೆಯ ಮೇಲ್ಮಹಡಿಯನ್ನು ಬಾಡಿಗೆಗೆ ಕೊಟ್ಟವರೂ ಅವರೇ. ನನ್ನ ಮಗಳಿಗೆ ಅವರು ಓಮಾ, ಅಜ್ಜಿ.

ಒಂದು ಮಧ್ಯಾಹ್ನ ಲೋಮನ್ ಅವರ ಕೈಬೆರಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಉಗುರು ತೆಗೆಯುತ್ತಿದ್ದೆ. ಪೀಠಿಕೆಯಿಲ್ಲದೆ ಶುರು ಮಾಡಿದರು. ಶತ್ರುವಿನ ವಿಮಾನ ಉರುಳಿಸಿದೆ ಎಂದು ತಾನೇ ಹೇಳಿಕೊಂಡರೆ ಸಾಲದು, ಕಣ್ಣಾರೆ ನೋಡಿದ ಇನ್ನೊಬ್ಬ ಪೈಲಟ್ ಸಾಕ್ಷಿ ಹೇಳಬೇಕಿತ್ತಂತೆ. ಲೋಮನ್‌ಗೆ ಹೆಸರು ಮಾಡುವ ಹುಚ್ಚು. ಒಂದು ದಿನ ಮೋಡದೊಳಗಿಂದ ಒಂದು ವಿಮಾನ ಹೊರಬಿತ್ತು — ಕೈ ತಪ್ಪಿಹೋದೀತೆಂಬ ಆತುರದಲ್ಲಿ ಗುರುತನ್ನೂ ನೋಡದೆ ಹೊಡೆದರು. ಅದು ಉರಿಯುತ್ತಾ ಸಮುದ್ರಕ್ಕೆ ಬಿತ್ತು. "ನೋಡಿದೆಯಾ?" ಎಂದು ರೇಡಿಯೊದಲ್ಲಿ ಜೋಡಿಯವನನ್ನು ಕೇಳಿದರು. ಉತ್ತರ ಬರಲಿಲ್ಲ.

"ನಾನು ಹೊಡೆದದ್ದು ಅವನನ್ನೇ. ಇಳಿದ ಮೇಲೆ, ಶತ್ರು ಹೊಡೆದ ಎಂದೆ. ನಾನು ಸತ್ತ ಮೇಲೆ ಇಲ್ಸೆಗೆ ಹೇಳು. ಬದುಕಿರುವಾಗ ನನ್ನಿಂದ ಆಗುವುದಿಲ್ಲ."

ಹೂಂ ಎಂದೆ. ಮನೆಗೆ ಬಂದು ಗಂಡನಿಗೆ ಹೇಳಿದೆ.

"ನಿಂಗ್ಯಾಕೆ ಬೇಕು ಇದೆಲ್ಲಾ? ಅವ್ರು ಬೇಜಾರು ಮಾಡ್ಕೊಂಡು ಮನೆ ಖಾಲಿ ಮಾಡಿ ಅಂದ್ರೆ? ಈ ಊರಲ್ಲಿ ಇನ್ನೊಂದು ಬಾಡಿಗೆ ಮನೆ ಹುಡ್ಕೋದು ಅಂದ್ರೆ ಸುಮ್ನೇನಾ? ಸುಮ್ನಿದ್ಬಿಡು."

ಗಂಡ ಹೇಳಿದ್ದಕ್ಕೆ ಸುಮ್ಮನಾದೆ ಎನ್ನಲಾರೆ — ಹಾಗೆ ಹೇಳಲಿ ಎಂದೇ ಅವರ ಮುಂದೆ ಈ ಮಾತೆತ್ತಿದ್ದೆ.

ಲೋಮನ್ ತೀರಿಕೊಂಡ ಮರುದಿನ ಆಶ್ರಮದ ಕಾರಿಡಾರಿನಲ್ಲಿ ಇಲ್ಸೆ ನನ್ನನ್ನು ತಡೆದು ನಿಲ್ಲಿಸಿದರು. "ಕೊನೆಯಲ್ಲಿ ಅಪ್ಪನ ಬಗ್ಗೆ ಏನಾದರೂ ಹೇಳಿದರಾ?"

"ನಿಮ್ಮ ಅಪ್ಪ ತುಂಬ ಧೈರ್ಯವಂತರು ಅಂದರು."

ನನ್ನ ಕೈ ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ಸುಳ್ಳಿಗಿಂತ ಆ ಅಳು ನೆನೆದರೆ ಹೆಚ್ಚು ನಾಚಿಕೆಯಾಗುತ್ತದೆ.

ಆ ಸುಳ್ಳನ್ನು ನಂಬಿ ಅವರು ಏನೇನು ಮಾಡಿದರು — ಲೋಮನ್‌ಗೆ ಸಮಾಧಿಯ ಜಾಗ ಕೊಂಡರು. ಅಪ್ಪನಿಗೆಂದು ಬೇರೆ ಸಮಾಧಿಯಿಲ್ಲವಲ್ಲ ಎಂದು ಅದೇ ಕಲ್ಲಿನ ಮೇಲೆ, ಲೋಮನ್ ಹೆಸರಿನ ಕೆಳಗೆ, ಅಪ್ಪನ ಹೆಸರನ್ನೂ ಕೆತ್ತಿಸಿದರು. ಈಗಲೂ ಶನಿವಾರ ಬಂದರೆ ಮಂಡಿಯೂರಿ ಕಳೆ ಕೀಳುತ್ತಾರೆ, ಹೂವಿನ ಗಿಡ ನೆಡುತ್ತಾರೆ. ಸೊಂಟ ಹಿಡಿದುಕೊಂಡಾಗ ಎಬ್ಬಿಸುವವಳು ನಾನು. ಸ್ಮಶಾನದ ನಲ್ಲಿಯಿಂದ ನೀರು ತಂದುಕೊಡುವವಳೂ ನಾನೇ. ಎಷ್ಟೋ ಸಲ ಬಾಯಿ ತೆರೆದಿದ್ದೇನೆ — ತೆರೆದು, ಚಳಿ ಜಾಸ್ತಿಯಾಯಿತು, ಹೋಗೋಣ ಎಂದಿದ್ದೇನೆ.

ಕಳೆದ ವಾರ ಇಲ್ಸೆ ಹೇಳಿದರು: "ನಾನು ಹೋದ ಮೇಲೆ ನನ್ನನ್ನೂ ಅಲ್ಲೇ ಮಣ್ಣು ಮಾಡಿಸು. ಅಪ್ಪನ ಜೊತೆ ಇದ್ದ ಹಾಗಾಗುತ್ತದೆ."

ಆ ಮಣ್ಣಿನಲ್ಲಿ ಅಪ್ಪ ಇಲ್ಲ. ಇರುವುದು ಅಪ್ಪನನ್ನು ಕೊಂದವನು.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರಿಗೆ ಓದಲು ಬಾರದ ಭಾಷೆಯಲ್ಲಿ. ಅದೂ ಹೇಡಿತನವೇ, ಗೊತ್ತು. ಬರೆದು ಮುಗಿಸಿದ ಮೇಲೆ ಮೆಟ್ಟಿಲಿಳಿದು ಅವರ ಬಾಗಿಲು ತಟ್ಟುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಂತುಕೊಂಡೇ ಹೇಳಿಬಿಡಬೇಕು. ಕೂತರೆ ಅವರು ಕೇಕ್ ತರುತ್ತಾರೆ, ಆಮೇಲೆ ನನ್ನಿಂದ ಆಗುವುದಿಲ್ಲ.